ರೌದ್ರದ ಪ್ರೌಢಿಮೆ

ಕಲಾವಿದನೊಬ್ಬನು ಹದಿಹರೆಯದಲ್ಲಿ ಕೈಹಾಕಿದ ಕಾರ್ಯವನ್ನು, ವಿಧಿವಶದಿಂದ ಬಹುಕಾಲ ಅದರಿಂದ ದೂರವಿದ್ದು, ಐವತ್ತರ ಪ್ರಾಯದಲ್ಲಿ ಮತ್ತೆ ಕೈಗೆತ್ತಿಕೊಂಡನೆಂದರೆ, ಅವನನ್ನು ಎದುರುಗೊಳ್ಳುವ ಲೋಕವು ಸಾಧಾರಣವಾಗಿ ಎರಡು ಬಗೆಯ ಅನ್ಯಾಯವನ್ನು ಅವನಿಗೆ ಮಾಡುವುದುಂಟು. ಮೊದಲನೆಯದು, ಅವನ ಹೊಸ ಕೃತಿಯನ್ನು ಅದರ ಗುಣದೋಷಗಳಿಂದ ಅಳೆಯದೆ, ಕೇಳುವವನು ತನ್ನ ಯೌವನದ ಸ್ಮೃತಿಯಿಂದ ಅಳೆದು, ‘ಹಿಂದಿನಂತಿಲ್ಲ’ ಎಂದು ಬದಿಗಿಟ್ಟುಬಿಡುವುದು. ಎರಡನೆಯದು, ಅವನು ಪಟ್ಟ ಕಷ್ಟವನ್ನು ನೆನೆದು ಮರುಗಿ, ಕೃತಿಯನ್ನು ಪರೀಕ್ಷಿಸುವ ಗೋಜಿಗೇ ಹೋಗದೆ ಹೊಗಳಿಬಿಡುವುದು. ಎರಡೂ ಪ್ರೀತಿಯ ರೂಪದಲ್ಲಿಯೇ ಬರುವುವಾದ್ದರಿಂದ ಅವು ಅನ್ಯಾಯಗಳೆಂದು ನಮಗೆ ತೋರುವುದೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ‘ಪೊಸೆಸ್ಡ್’ ಎಂಬ ಮೆಟಲ್ ಬ್ಯಾಂಡ್ ತನ್ನ ಎರಡನೆಯ ಆಲ್ಬಮ್ ಹೊರಬಂದ 33 ವರ್ಷಗಳ ತರುವಾಯ, 2019ರ ಮೇ 10ರಂದು, ‘ರೆವೆಲೇಶನ್ಸ್ ಆಫ್ ಒಬ್ಲಿವಿಯನ್’ ಎಂಬ ಮೂರನೆಯ ಆಲ್ಬಮ್ಮನ್ನು ಪ್ರಕಟಿಸಿದಾಗ ಈ ಎರಡು ಅನ್ಯಾಯಗಳಿಗೂ ಬೇಕಾದಷ್ಟು ಅವಕಾಶವಿದ್ದಿತು. ಆ ಕೃತಿಗೆ ಅವೆರಡರ ಹಂಗೂ ಇಲ್ಲವೆಂಬುದನ್ನೂ, ಹಿರಿಯ ಕಲಾವಿದರ ಹೊಸ ಕೃತಿಯನ್ನು ನಾವು ಕೇಳಬೇಕಾದ ರೀತಿ ಯಾವುದೆಂಬುದನ್ನು ಅದರಿಂದ ಕಲಿಯಬಹುದೆಂಬುದನ್ನೂ ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಈ ಸಂಗೀತದ ಪರಿಚಯವಿಲ್ಲದ ಓದುಗರಿಗಾಗಿ ಅದರ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬೇಕು. ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ‘ಬ್ಲ್ಯಾಕ್ ಸಬ್ಬತ್’ ಬ್ಯಾಂಡಿನ ಮೊದಲ ಆಲ್ಬಮ್ 1970ರಲ್ಲಿ ಹೊರಬಂದಂದಿನಿಂದ ಹೆವಿ ಮೆಟಲ್ ಎಂಬ ಪ್ರಕಾರವು ಸ್ಪಷ್ಟವಾದ ಆಕಾರವನ್ನು ಪಡೆಯಿತು. 1980ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಣ ಊರುಗಳ ಯುವಕರು ಅದಕ್ಕೆ ಹಿಂದೆಂದೂ ಇಲ್ಲದ ವೇಗವನ್ನು ಕೊಟ್ಟರು. ‘ಮೆಟಾಲಿಕಾ’, ‘ಎಕ್ಸೋಡಸ್’ ಮೊದಲಾದ ಬ್ಯಾಂಡುಗಳ ಈ ಕ್ಷಿಪ್ರಗತಿಯ ಶೈಲಿಗೆ ಥ್ರ್ಯಾಶ್ ಎಂಬ ಹೆಸರಾಯಿತು. ಅದೇ ಕೊಲ್ಲಿಯ ತೀರದಲ್ಲಿ, ಅದೇ ವರ್ಷಗಳಲ್ಲಿ, ಥ್ರ್ಯಾಶ್‌ನ ವೇಗಕ್ಕೆ ಇನ್ನೂ ಕರಾಳವಾದ ಸ್ವರಸಂಯೋಜನೆಯನ್ನೂ, ಹಾಡುವ ಕಂಠದ ಸ್ಥಾನದಲ್ಲಿ ಗರ್ಜಿಸುವ ಕಂಠವನ್ನೂ ಕೂಡಿಸಿ, ಡೆತ್ ಮೆಟಲ್ ಎಂಬ ಮುಂದಿನ ಪ್ರಕಾರಕ್ಕೆ ಬಾಗಿಲು ತೆರೆದವರು ಪೊಸೆಸ್ಡ್ ಬ್ಯಾಂಡಿನ ಹುಡುಗರು. 1984ರಲ್ಲಿ ಅವರು ಹೊರತಂದ ಮಾದರಿ ಧ್ವನಿಮುದ್ರಿಕೆಗೂ, ಮರುವರ್ಷದ ಅವರ ಮೊದಲ ಆಲ್ಬಮ್ಮಿನ ಕೊನೆಯ ಹಾಡಿಗೂ ‘ಡೆತ್ ಮೆಟಲ್’ ಎಂಬುದೇ ಹೆಸರು.

ಹುಡುಗರು ಎಂದುದು ಬರಿಯ ವಾತ್ಸಲ್ಯದ ಮಾತಲ್ಲ. ಗಾಯಕನೂ ಬೇಸ್ ವಾದಕನೂ ಆಗಿದ್ದ ಜೆಫ್ ಬೆಸೆರ್ರಾ, ಗಿಟಾರ್ ವಾದಕರಾದ ಮೈಕ್ ಟೊರ್ರಾವ್ ಮತ್ತು ಲ್ಯಾರಿ ಲಲಾಂಡ್, ಡ್ರಮ್ ವಾದಕನಾದ ಮೈಕ್ ಸಸ್ – ಈ ನಾಲ್ವರು 1985ರ ಈಸ್ಟರ್ ರಜೆಯ ದಿನಗಳಲ್ಲಿ ಕೊಟಾಟಿ ಎಂಬ ಊರಿನ ‘ಪ್ರೇರಿ ಸನ್’ ಸ್ಟುಡಿಯೋದಲ್ಲಿ ‘ಸೆವೆನ್ ಚರ್ಚಸ್’ ಆಲ್ಬಮ್ಮನ್ನು ಧ್ವನಿಮುದ್ರಿಸಿದಾಗ ಬೆಸೆರ್ರಾ, ಲಲಾಂಡ್ ಇಬ್ಬರಿಗೂ ವಯಸ್ಸು 16. ಶಾಲೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ರಜೆಗಾಗಿ ಕಾಯಬೇಕಾಗಿದ್ದಿತು. ಇವರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವರು ಆಗಲೇ ಐವತ್ತು ದಾಟಿದ್ದ ಡೆಬ್ಬಿ ಅಬೊನೊ ಎಂಬ ಮಹಿಳೆ. ಮುಂದೆ ಆ ಪ್ರಾಂತದ ಹಲವು ಬ್ಯಾಂಡುಗಳಿಗೆ ಅವರು ಮಾತೃಸ್ಥಾನದಲ್ಲಿ ನಿಂತರು. ಕಪ್ಪು ಹೊದಿಕೆಯ ಆ ಆಲ್ಬಮ್ ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದಿತು. ಅದರ ಒಟ್ಟು ಅವಧಿ 40 ನಿಮಿಷಕ್ಕೂ ಕಡಿಮೆ. ಆದರೆ ಅಷ್ಟರಲ್ಲಿಯೇ ಒಂದು ಪ್ರಕಾರದ ವ್ಯಾಕರಣವು ಬಹುಮಟ್ಟಿಗೆ ನಿಶ್ಚಿತವಾಗಿಹೋಯಿತು. ಫ್ಲಾರಿಡಾದ ಚಕ್ ಶುಲ್ಡಿನರ್ ‘ಡೆತ್’ ಎಂಬ ತನ್ನ ಬ್ಯಾಂಡಿನ ಮೊದಲ ಆಲ್ಬಮ್ಮನ್ನು 1987ರಲ್ಲಿ ಹೊರತಂದಾಗ ಅದರ ನಿರ್ಮಾಣಕ್ಕೆ ಒದಗಿದವರು ‘ಸೆವೆನ್ ಚರ್ಚಸ್’ಅನ್ನು ನಿರ್ಮಿಸಿದ್ದ ರ್‍ಯಾಂಡಿ ಬರ್ನ್ಸ್ ಅವರೇ. ಅಲ್ಲಿಂದ ಮುಂದೆ ಫ್ಲಾರಿಡಾದ ಟ್ಯಾಂಪಾ, ಸ್ವೀಡನ್ನಿನ ಸ್ಟಾಕ್‌ಹೋಮ್ ಮೊದಲಾದ ನಗರಗಳಲ್ಲಿ ಈ ಸಂಗೀತವು ಬೇರೆ ಬೇರೆ ಕವಲುಗಳಾಗಿ ಬೆಳೆದುದು ಈಗ ಇತಿಹಾಸ.

ಇದು ಸಂಗೀತವೇ, ಬರಿಯ ಗದ್ದಲವಲ್ಲವೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಪ್ರಶ್ನೆಗೆ ಉತ್ತರವು ವಾದದಲ್ಲಿಲ್ಲ, ಕೈಯ ಕೆಲಸದಲ್ಲಿದೆ. ಗಿಟಾರ್ ವಾದಕನು ಬಲಗೈಯ ಅಂಚನ್ನು ಕುದುರೆಯ ಬಳಿ ತಂತಿಗಳ ಮೇಲೆ ಹಗುರವಾಗಿ ಊರಿ, ಅನುರಣನವನ್ನು ಅದುಮಿಟ್ಟು, ಮೇಲಕ್ಕೂ ಕೆಳಕ್ಕೂ ಅವಿಚ್ಛಿನ್ನವಾಗಿ ಮೀಟುತ್ತ ಹೋಗುತ್ತಾನೆ; ಮೀಟುಗಳ ನಡುವಣ ಅಂತರವು ಕೂದಲೆಳೆಯಷ್ಟು ಏರುಪೇರಾದರೂ ಇಡೀ ಕಟ್ಟಡವು ಸಡಿಲವಾಗುತ್ತದೆ. ಡ್ರಮ್ ವಾದಕನು ಎರಡು ಪಾದಗಳಿಂದ ಎರಡು ಪೆಡಲ್‌ಗಳನ್ನು ಸಮವೇಗದಲ್ಲಿ ತುಳಿಯುತ್ತಲೇ ಕೈಗಳಿಂದ ಬೇರೊಂದು ನಡೆಯನ್ನು ನುಡಿಸಬೇಕು. ಗಾಯಕನಾದವನು ಸಹಜ ಧ್ವನಿತಂತುಗಳ ಮೇಲ್ಭಾಗದ ಮಡಿಕೆಗಳನ್ನೂ ಕಂಪಿಸುವಂತೆ ಮಾಡಿ, ಗಂಟಲಿಗೆ ಗಾಯವಾಗದಂತೆ ಉಸಿರಿನ ಒತ್ತಡವನ್ನು ಹಿಡಿದಿಡಬೇಕು. ಅದನ್ನು ಅರಿಯದೆ ಬರಿದೆ ಕಿರಿಚಿದವನ ಕಂಠವು ಬಹುಕಾಲ ಬಾಳುವುದಿಲ್ಲ. ಇಷ್ಟೂ ಶ್ರಮವು ಯಾವ ಭಾವದ ಸೇವೆಗಾಗಿ ಎಂದರೆ, ಭರತಮುನಿಯು ಹೆಸರಿಸಿದ ರಸಗಳಲ್ಲಿ ನಾವು ಸುಲಭವಾಗಿ ಮರೆಯುವ ಮೂರರ ಸೇವೆಗಾಗಿ: ರೌದ್ರ, ಭಯಾನಕ, ಬೀಭತ್ಸ. ಶೃಂಗಾರಕ್ಕೂ ಕರುಣಕ್ಕೂ ಹಾಕಿದ ಪಂಕ್ತಿಯಲ್ಲಿಯೇ ಇವಕ್ಕೂ ಎಲೆ ಹಾಕಿದ ಪರಂಪರೆ ನಮ್ಮದು. ಅವನ್ನು ರಸವಾಗಿ ಅನುಭವಿಸಬಲ್ಲ ಮನಸ್ಸು ಈ ಸಂಗೀತದ ಹೊಸ್ತಿಲಲ್ಲಿ ಬೆದರಿ ನಿಲ್ಲಬೇಕಾದುದಿಲ್ಲ.

ಆದರೆ ರಸವನ್ನೂ ಜೀವನವನ್ನೂ ಬೆರಸಿ ಗೊಂದಲಕ್ಕೀಡಾಗುವ ಸಮಾಜಗಳುಂಟು. 1985ರ ಅಮೆರಿಕವು ಅಂತಹ ಗೊಂದಲದಲ್ಲಿದ್ದಿತು. ರಾಜಧಾನಿಯ ಗಣ್ಯರ ಪತ್ನಿಯರು ಸ್ಥಾಪಿಸಿದ ‘ಪೇರೆಂಟ್ಸ್ ಮ್ಯೂಸಿಕ್ ರಿಸೋರ್ಸ್ ಸೆಂಟರ್’ ಎಂಬ ಸಂಘವು ಮೆಟಲ್ ಮೊದಲಾದ ಸಂಗೀತವು ಮಕ್ಕಳನ್ನು ಕೆಡಿಸುತ್ತಿದೆಯೆಂದು ಆಪಾದಿಸಿದುದರಿಂದ, ಆ ವರ್ಷದ ಸೆಪ್ಟೆಂಬರ್ 19ರಂದು ಸೆನೆಟ್ಟಿನ ಸಮಿತಿಯೊಂದು ವಿಚಾರಣೆ ನಡೆಸಿತು. ಅದಾದ ಮರುತಿಂಗಳೇ, ತಲೆಕೆಳಗಾದ ಶಿಲುಬೆಯ ಚಿತ್ರವನ್ನು ಹೊತ್ತು ‘ಸೆವೆನ್ ಚರ್ಚಸ್’ ಅಂಗಡಿಗಳಿಗೆ ಬಂದಿತು. ಭಕ್ತರ ಮನಸ್ಸಿಗೆ ಆ ಚಿತ್ರವು ನೋವು ತಂದಿರಬಹುದೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ, ಯಕ್ಷಗಾನದ ಬಣ್ಣದ ವೇಷದವನು ಅಟ್ಟಹಾಸಗೈದು ರಂಗವನ್ನು ಪ್ರವೇಶಿಸಿದೊಡನೆ ಊರಿಗೆ ರಾಕ್ಷಸನು ಬಂದನೆಂದು ಯಾರೂ ಬಾಗಿಲು ಹಾಕಿಕೊಳ್ಳದಿರುವಂತೆ, ಈ ಹಾಡುಗಳ ನರಕವನ್ನೂ ರಂಗದ ನರಕವೆಂದು ತಿಳಿಯುವ ವಿವೇಕವು ಕೇಳುಗನಿಗೆ ಇರಬೇಕು. ಕ್ರೈಸ್ತ ಧರ್ಮಗ್ರಂಥದ ಕೊನೆಯ ಭಾಗವಾದ ಪ್ರಕಟನೆಯ ಪುಸ್ತಕದಿಂದ ತನ್ನ ಶೀರ್ಷಿಕೆಯನ್ನು ಪಡೆದ ಆಲ್ಬಮ್ ಅದು. ಆ ಪುಸ್ತಕದಲ್ಲಿ ವರ್ಣಿತವಾದ ಪ್ರಳಯದ ಭೀಕರತೆಯನ್ನು ಬಾಲ್ಯದಲ್ಲಿ ಕೇಳಿ ಬೆಳೆದ ಸಮಾಜದ ಮಕ್ಕಳು ಅದನ್ನೇ ತಂತಿಗಳಲ್ಲಿ ನುಡಿಸಿದರೆಂದರೆ ಅದರಲ್ಲಿ ಅಸಹಜವೇನೂ ಇಲ್ಲ.

ಮುಂದಿನ ವರ್ಷ ‘ಬಿಯಾಂಡ್ ದ ಗೇಟ್ಸ್’, 1987ರಲ್ಲಿ ಪ್ರಸಿದ್ಧ ಗಿಟಾರ್ ವಾದಕ ಜೋ ಸಟ್ರಿಯಾನಿ ನಿರ್ಮಿಸಿದ ‘ದಿ ಐಸ್ ಆಫ್ ಹಾರರ್’ ಎಂಬ ಕಿರುಮುದ್ರಿಕೆ – ಇಷ್ಟು ಕೊಟ್ಟು ಬ್ಯಾಂಡ್ ಚದರಿಹೋಯಿತು. ಲಲಾಂಡ್ ‘ಪ್ರೈಮಸ್’ ಎಂಬ ಬೇರೆಯೇ ಸ್ವಭಾವದ ಬ್ಯಾಂಡನ್ನು ಸೇರಿ ಖ್ಯಾತರಾದರು. ಬೆಸೆರ್ರಾ ಅವರ ಪಾಲಿಗೆ ಬಂದುದು ಬೇರೆ. 1989ರಲ್ಲಿ ಕೆಲಸ ಮುಗಿಸಿ ಮನೆಗೆ ಹಿಂದಿರುಗುತ್ತಿದ್ದ ಅವರನ್ನು ದೋಚಲೆತ್ನಿಸಿದವರು ಹಾರಿಸಿದ ಗುಂಡಿನಿಂದ, ಎದೆಯಿಂದ ಕೆಳಕ್ಕೆ ಅವರ ದೇಹವು ಸ್ವಾಧೀನ ತಪ್ಪಿತು. ಆಗಿನ್ನೂ ಇಪ್ಪತ್ತರ ಹರೆಯ. ಅನಂತರದ ಕೆಲವು ವರ್ಷಗಳು ವ್ಯಸನದಲ್ಲಿಯೂ ಹತಾಶೆಯಲ್ಲಿಯೂ ಕಳೆದುವೆಂಬುದನ್ನು ಅವರೇ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕ್ರಮೇಣ ಅದರಿಂದ ಮೇಲೆದ್ದು, ಕಾಲೇಜಿಗೆ ಸೇರಿ ಓದಿ, ಸಂಸಾರಸ್ಥರಾದರು. ಆ ಅವಧಿಯಲ್ಲಿ ಅವರು ಬಾಲಕನಾಗಿ ಮೊಳಗಿಸಿದ್ದ ಸಂಗೀತವು ಅವರಿಲ್ಲದೆಯೇ ಖಂಡಖಂಡಗಳನ್ನು ಸುತ್ತಿತು.

ಇಲ್ಲಿಯೇ ಕರುಣೆಯೆಂಬ ಎರಡನೆಯ ಅನ್ಯಾಯವು ಬಾಗಿಲಲ್ಲಿ ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತು ಹಾಡುವವನನ್ನು ಕಂಡೊಡನೆ ನಮ್ಮ ಕಣ್ಣು ತೇವವಾಗುತ್ತದೆ, ಕಿವಿ ಮಾತ್ರ ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೆ ಪ್ರತಿಯಾಗಿ, ಆತನ ದೇಹಸ್ಥಿತಿಯನ್ನು ಪ್ರಸ್ತಾಪಿಸಲೇಬಾರದೆಂಬ ನಾಜೂಕು ಕೂಡ ಸರಿಯಲ್ಲ. ಏಕೆಂದರೆ ಈ ಸಂಗೀತದಲ್ಲಿ ದೇಹವೇ ವಾದ್ಯ. ಗರ್ಜನೆಗೆ ಬೇಕಾದ ಉಸಿರನ್ನು ಬಲವಾಗಿ ಹೊರದೂಡುವವು ಉದರದ ಸ್ನಾಯುಗಳೂ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ. ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವನಲ್ಲಿ ಕುಂದುವುದು ಇವುಗಳ ಬಲವೇ. ಅಂದರೆ, ಅಂತಹವನು ಅದೇ ಕಲೆಗೆ ಹಿಂದಿರುಗಬೇಕಾದರೆ ಉಸಿರಿನ ಸಂಪೂರ್ಣ ಲೆಕ್ಕಾಚಾರವನ್ನೇ ಹೊಸದಾಗಿ ಮಾಡಬೇಕು: ಎಲ್ಲಿ ತುಂಬಿಕೊಳ್ಳುವುದು, ಎಷ್ಟು ಪದಗಳಿಗೆ ಹಂಚುವುದು, ಯಾವ ಅಕ್ಷರದ ಮೇಲೆ ಒತ್ತುವುದು. ಹೆವಿ ಮೆಟಲ್ಲಿನ ಮೂಲಪುರುಷನೇ ಇಂತಹ ಪರೀಕ್ಷೆಗೆ ಒಳಗಾದವನೆಂಬುದು ಗಮನಾರ್ಹ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ 17ನೆಯ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡನು; ಎಡಗೈಯಿಂದ ಮೀಟುವ ಅವನಿಗೆ ತಂತಿಗಳನ್ನು ಒತ್ತುವ ಕೈಯೇ ಅದು. ತುಂಡಾದ ಬೆರಳುಗಳಿಗೆ ತಾನೇ ಕುಪ್ಪಿಗೆಗಳನ್ನು ಮಾಡಿಕೊಂಡು, ನೋವು ಕಡಮೆಯಾಗಲೆಂದು ತೆಳುವಾದ ತಂತಿಗಳನ್ನು ಹೂಡಿ, ಮುಂದೆ ಅವುಗಳ ಶ್ರುತಿಯನ್ನೂ ತಗ್ಗಿಸಿದನು. ಹೆವಿ ಮೆಟಲ್ಲಿನ ತಗ್ಗುಶ್ರುತಿಯ ಗಾಂಭೀರ್ಯವು ಬಹುಪಾಲು ಹುಟ್ಟಿದುದು ಹೀಗೆ. ದೇಹದ ಕೊರತೆಯನ್ನು ಕಲೆಯ ರೀತಿಯನ್ನಾಗಿ ಪರಿವರ್ತಿಸಿದವನಿಗೆ ಸಲ್ಲತಕ್ಕುದು ಮರುಕವಲ್ಲ, ಎಚ್ಚರದ ಶ್ರವಣ.

2007ರಲ್ಲಿ ಉತ್ತರ ಜರ್ಮನಿಯ ವಾಕನ್ ಉತ್ಸವದ ವೇದಿಕೆಗೆ ಬೆಸೆರ್ರಾ ಪೊಸೆಸ್ಡ್ ಹೆಸರಿನಲ್ಲಿ ಹಿಂದಿರುಗಿದರು. ಅಂದಿನಿಂದ ಹೊಸ ಆಲ್ಬಮ್ ಹೊರಬರುವವರೆಗೆ ಹನ್ನೆರಡು ವರ್ಷಗಳು ಕಳೆದುವು. ವಯಸ್ಸಾದ ಬ್ಯಾಂಡುಗಳಿಗೆ ಇಂದು ತೆರೆದಿರುವ ಸುಲಭಮಾರ್ಗವೆಂದರೆ ಹಳೆಯ ಆಲ್ಬಮ್ಮಿನ ವಾರ್ಷಿಕೋತ್ಸವವನ್ನು ನೆಪಮಾಡಿಕೊಂಡು, ಅದೇ ಹಾಡುಗಳನ್ನು ಅದೇ ಕ್ರಮದಲ್ಲಿ ನುಡಿಸುತ್ತ ಉತ್ಸವದಿಂದ ಉತ್ಸವಕ್ಕೆ ಸಂಚರಿಸುವುದು. ಪ್ರೇಕ್ಷಕನು ಬಯಸುವುದೂ ಅದನ್ನೇ, ಸಂಘಟಕನು ಹಣ ಕೊಡುವುದೂ ಅದಕ್ಕೇ. ಹೊಸ ಹಾಡನ್ನು ರಚಿಸುವವನಾದರೋ ತನ್ನ ಕೀರ್ತಿಯನ್ನೇ ಪಣವಾಗಿ ಒಡ್ಡಿದಂತೆ. ಗೆದ್ದರೆ ದೊರೆಯುವುದು ಅಲ್ಪ, ಸೋತರೆ ಹಳೆಯ ಹೆಸರಿಗೂ ಕಳಂಕ. ‘ಕಾರ್ಕಾಸ್’ ಎಂಬ ಇಂಗ್ಲೆಂಡಿನ ಬ್ಯಾಂಡ್ 17 ವರ್ಷಗಳ ಅನಂತರ 2013ರಲ್ಲಿ ‘ಸರ್ಜಿಕಲ್ ಸ್ಟೀಲ್’ ಆಲ್ಬಮ್ಮನ್ನು ತಂದು ಈ ಪಣವನ್ನು ಗೆದ್ದುದುಂಟು. ಬೆಸೆರ್ರಾ ಅವರ ಮುಂದಿದ್ದ ಅಂತರವು ಅದರ ಸರಿಸುಮಾರು ಎರಡರಷ್ಟು. ಹಳೆಯ ಸಂಗಡಿಗರಲ್ಲಿ ಜೊತೆಗೆ ಉಳಿದವರು ಒಬ್ಬರೂ ಇಲ್ಲ. ಡೇನಿಯಲ್ ಗೊನ್ಸಾಲೆಸ್, ಕ್ಲಾಡಿಯಸ್ ಕ್ರೀಮರ್ ಎಂಬ ಇಬ್ಬರು ಗಿಟಾರ್ ವಾದಕರು, ಬೇಸ್‌ಗೆ ರಾಬರ್ಟ್ ಕಾರ್ಡೆನಾಸ್, ಡ್ರಮ್‌ಗೆ ಎಮಿಲಿಯೊ ಮಾರ್ಕೆಸ್ – ಈ ಕಿರಿಯರನ್ನು ಕೂಡಿಕೊಂಡು ಅವರು ಕೆಲಸಕ್ಕೆ ಇಳಿದರು.

ಆಲ್ಬಮ್ ಆರಂಭವಾಗುವುದು ಗಂಟೆಯ ನಾದದಿಂದಲೂ ಮಂತ್ರಘೋಷದಂತಹ ಸ್ವರಗಳಿಂದಲೂ ಕೂಡಿದ ಪೀಠಿಕೆಯಿಂದ. 1985ರ ಆಲ್ಬಮ್ಮಿನಲ್ಲಿಯೂ ಪೀಠಿಕೆಯೊಂದಿದ್ದಿತು. ಆದರೆ ಅಂದಿನ ಹುಡುಗರು ‘ದಿ ಎಕ್ಸಾರ್ಸಿಸ್ಟ್’ ಚಲನಚಿತ್ರದಿಂದ ಮನೆಮಾತಾಗಿದ್ದ ಮೈಕ್ ಓಲ್ಡ್‌ಫೀಲ್ಡ್ ಅವರ ಸ್ವರಮಾಲಿಕೆಯನ್ನು ಎರವಲು ಪಡೆದಿದ್ದರು. ಇಂದಿನ ಪೀಠಿಕೆಯಲ್ಲಿ ಆ ಎರವಲಿಲ್ಲ. ಅದು ಮುಗಿದೊಡನೆ ‘ನೋ ಮೋರ್ ರೂಮ್ ಇನ್ ಹೆಲ್’ ಎಂಬ ಹಾಡು ಧುಮ್ಮಿಕ್ಕುತ್ತದೆ. ಹಳೆಯ ಪೊಸೆಸ್ಡ್‌ನ ಆತುರವೂ ವಕ್ರತೆಯೂ ಅದರಲ್ಲಿ ಪೂರ್ಣವಾಗಿವೆ. ಆದರೆ ಅಂದು ಎಡವುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಇನ್ನೇನು ಬಿದ್ದೇಬಿಟ್ಟರೆಂಬ ಭೀತಿಯನ್ನು ಹುಟ್ಟಿಸುತ್ತಿದ್ದ ಓಟವು ಇಂದು ಹೆಜ್ಜೆಯ ಮೇಲೆ ಹಿಡಿತವುಳ್ಳ ಓಟವಾಗಿದೆ. ‘ಗ್ರೇವನ್’, ‘ಶ್ಯಾಡೋಕಲ್ಟ್’ ಎಂಬ ಹಾಡುಗಳಲ್ಲಿ ಇಬ್ಬರು ಗಿಟಾರ್ ವಾದಕರು ಸರದಿಯಂತೆ ಒಬ್ಬರ ಬಳಿಕ ಒಬ್ಬರು ತಾನಗಳನ್ನು ಹರಿಯಬಿಡುವ ಎಡೆಗಳನ್ನು ಲಕ್ಷ್ಯವಿಟ್ಟು ಕೇಳಬೇಕು: ಒಬ್ಬನು ಬಿಟ್ಟ ಎಡೆಯನ್ನು ಇನ್ನೊಬ್ಬನು ಹಿಡಿಯುವುದರಲ್ಲಿ ಸ್ಪರ್ಧೆಯಿಲ್ಲ, ಸಂಭಾಷಣೆಯಿದೆ. ಹಳೆಯ ಶೈಲಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ ಕಿರಿಯರು ಅದನ್ನು ಕಟ್ಟಿದ ಹಿರಿಯನ ಎದುರಿನಲ್ಲಿ ನುಡಿಸುವಾಗ ಉಂಟಾಗುವ ಗಾಂಭೀರ್ಯ ಅದು.

ಎಲ್ಲಕ್ಕಿಂತ ಮಿಗಿಲಾದುದು ಕಂಠ. ಡೆತ್ ಮೆಟಲ್ಲಿನ ಅನಂತರದ ಗಾಯಕರಲ್ಲಿ ಅನೇಕರು ಶಬ್ದವನ್ನು ಸಂಪೂರ್ಣವಾಗಿ ನುಂಗಿ, ಕಂಠವನ್ನು ಬರಿಯ ತಾಳವಾದ್ಯವನ್ನಾಗಿ ಮಾಡಿಕೊಂಡರು. ಅದಕ್ಕೂ ಅದರದೇ ಆದ ಸೊಗಸುಂಟು. ಆದರೆ ಬೆಸೆರ್ರಾ ಅವರದು ಕೂಗಿಗೂ ಗರ್ಜನೆಗೂ ನಡುವಣ ಕಂಠ. ಪದಗಳು ಒರಟಾಗಿ, ಮುರಿದ ಅಂಚುಗಳೊಡನೆ, ಆದರೆ ಅರ್ಥವಾಗುವಂತೆ ಹೊರಬರುತ್ತವೆ. ಹದಿನಾರರ ಬಾಲಕನಲ್ಲಿ ಆ ಕಂಠವು ದೊಡ್ಡವರ ಲೋಕವನ್ನು ಹೆದರಿಸುವ ಹಂಬಲದಿಂದ ಹೊರಟುದಾಗಿದ್ದಿತು. ಐವತ್ತರ ಪುರುಷನಲ್ಲಿ ಆ ಹಂಬಲವಿಲ್ಲ. ದೀರ್ಘವಾದ ಸಾಲುಗಳನ್ನು ಎಸೆಯದೆ ಚಿಕ್ಕ ಚಿಕ್ಕ ಪದಗುಚ್ಛಗಳಾಗಿ ಕಡಿದು, ಪ್ರತಿಯೊಂದರ ಕೊನೆಯನ್ನೂ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಊರಿ, ಮುಂದಿನ ಉಸಿರಿಗೆ ಗಿಟಾರುಗಳ ಮರೆಯಲ್ಲಿ ಅವಕಾಶವನ್ನು ಮಾಡಿಕೊಳ್ಳುವ ಅವರ ಕ್ರಮದಲ್ಲಿ ಕಾಣುವುದು ಮಿತವ್ಯಯದ ವಿವೇಕ. ನರಕದ ವರ್ಣನೆಯು ಆಗ ಕೇಳಿದ್ದ ಕಥೆಯಾಗಿದ್ದಿತು. ಈಗ ಅದನ್ನು ನುಡಿಯುವ ನಾಲಗೆಗೆ ಯಾತನೆಯ ಪರಿಚಯವಿದೆ. ಆದರೂ ತನ್ನ ಸ್ವಂತ ದುಃಖವನ್ನು ಹಾಡಿನೊಳಕ್ಕೆ ಎಳೆದುತಂದು ಸಹಾನುಭೂತಿಯನ್ನು ಬೇಡುವ ಪ್ರಯತ್ನವನ್ನು ಈ ಆಲ್ಬಮ್ ಎಲ್ಲಿಯೂ ಮಾಡುವುದಿಲ್ಲ. ಅನುಭವವು ವಸ್ತುವಾಗದೆ ಕಂಠದ ಭಾರವಾಗಿ ಮಾತ್ರ ಉಳಿದಿರುವುದು ಈ ಕೃತಿಯ ದೊಡ್ಡ ಸಂಯಮ. ರೌದ್ರಕ್ಕೂ ಒಂದು ಪ್ರೌಢಿಮೆಯುಂಟೆಂದು ನಾನು ನಂಬುವುದು ಇದರಿಂದಲೇ.

ದೋಷಗಳೂ ಇವೆ, ಅವನ್ನು ಹೇಳದೆ ಬಿಡುವುದು ಆಗಲೇ ಖಂಡಿಸಿದ ಕರುಣೆಗೆ ಮತ್ತೆ ಶರಣಾದಂತೆ. ಹನ್ನೆರಡು ಭಾಗಗಳುಳ್ಳ, 50 ನಿಮಿಷಗಳನ್ನು ಮೀರಿದ ಈ ಆಲ್ಬಮ್ ಆವಶ್ಯಕತೆಗಿಂತ ಉದ್ದವಾಗಿದೆ; ಮಧ್ಯಭಾಗದ ಹಾಡುಗಳಲ್ಲಿ ಒಂದೆರಡು ಒಂದೇ ಎತ್ತರದಲ್ಲಿ, ಒಂದೇ ಗತಿಯಲ್ಲಿ ಸಾಗುವುದರಿಂದ ಅವುಗಳ ಮುಖಗಳು ಬೇರೆಬೇರೆಯಾಗಿ ನೆನಪಿನಲ್ಲಿ ನಿಲ್ಲುವುದಿಲ್ಲ. ಧ್ವನಿಮುದ್ರಣದ ಸ್ವಚ್ಛತೆಯೂ ಕೆಲವೆಡೆ ಅತಿಯಾಯಿತು. ಪ್ರತಿಯೊಂದು ಪೆಟ್ಟೂ ಪ್ರತ್ಯೇಕವಾಗಿ ಕೇಳಿಸುವುದು ಗುಣವೇ ಆದರೂ, ಹಳೆಯ ಮುದ್ರಿಕೆಯಲ್ಲಿ ವಾದ್ಯಗಳು ಒಂದರೊಳಗೊಂದು ಕರಗಿ ಹುಟ್ಟಿಸುತ್ತಿದ್ದ ಭೀತಿಯ ಮಬ್ಬು ಇಲ್ಲಿ ಚದರಿಹೋಗಿದೆ. ಸೈತಾನನ ಲಾಂಛನಗಳು 1985ರಲ್ಲಿ ಪ್ರತಿಭಟನೆಯಾಗಿದ್ದುವು. ಇಂದು ಅವು ಪ್ರಕಾರದ ಸಂಪ್ರದಾಯವಾಗಿ ನೆಲೆನಿಂತಿರುವುದರಿಂದ, ಪದ್ಯಭಾಗದಲ್ಲಿ ಹೊಸ ದರ್ಶನವನ್ನು ನಿರೀಕ್ಷಿಸಿದವನಿಗೆ ನಿರಾಶೆಯಾದೀತು. ಇಷ್ಟು ಹೇಳಿದ ಮೇಲೂ, ಗಿಟಾರಿನ ಸೌಮ್ಯವಾದ ವಾದನದೊಡನೆ ‘ಟೆಂಪಲ್ ಆಫ್ ಸಮಾಯೆಲ್’ ಮುಗಿಯುವ ಹೊತ್ತಿಗೆ, ಕೇಳಿದುದು ಜೀವಂತವಾದ ಒಂದು ಕೃತಿಯನ್ನೇ ಎಂಬ ನಿಶ್ಚಯವು ಮನಸ್ಸಿನಲ್ಲಿ ಉಳಿಯುತ್ತದೆ. ದೋಷವನ್ನು ಎಣಿಸಲು ಯೋಗ್ಯವೆನಿಸಿದ ಕೃತಿಗೇ ಅಲ್ಲವೆ ಗೌರವವು ಸಂದಂತಾಗುವುದು!

ಇಷ್ಟನ್ನು ಕನ್ನಡ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವೂ ಉಂಟು. 2007ರಲ್ಲಿ ‘ಐರನ್ ಮೇಡನ್’, 2011ರಲ್ಲಿ ‘ಮೆಟಾಲಿಕಾ’ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಲ್ಲಿ ನೆರೆದ ಜನಸಾಗರದಲ್ಲಿ ನಮ್ಮ ಊರುಗಳ ಮಕ್ಕಳು ಎಷ್ಟೋ ಮಂದಿ ಇದ್ದರು. ಬೆಂಗಳೂರಿನ ‘ಕ್ರಿಪ್ಟೋಸ್’ ಬ್ಯಾಂಡ್ 1998ರಿಂದ ತನ್ನದೇ ರಚನೆಗಳನ್ನು ನುಡಿಸುತ್ತ ಯೂರೋಪಿನ ವೇದಿಕೆಗಳನ್ನು ಏರಿದೆ. ಅಂದು ಮೈದಾನದಲ್ಲಿ ತಲೆ ತೂಗಿದ ಯುವಕರು ಇಂದು ನಡುವಯಸ್ಸಿನ ಗೃಹಸ್ಥರು. ಅವರ ಪೈಕಿ ಅನೇಕರು ಗಿಟಾರನ್ನು ಅಟ್ಟಕ್ಕೇರಿಸಿ, ಅದೆಲ್ಲ ಆ ವಯಸ್ಸಿನ ಹುಚ್ಚೆಂದು ಹೇಳಿಕೊಳ್ಳುತ್ತಿರಬಹುದು. ಅವರಿಗೆ ನಾನು ಹೇಳಬಯಸುವುದಿಷ್ಟೆ: ಅದು ವಯಸ್ಸಿನ ಹುಚ್ಚಲ್ಲ, ಪೂರ್ಣವಾಗದೆ ನಿಂತ ಅಭ್ಯಾಸ. ಅಭ್ಯಾಸಕ್ಕೆ ಹಿಂದಿರುಗುವವನಿಗೆ ವಯಸ್ಸು ಕಳೆಯುವುದರ ಜೊತೆಗೆ ಕೊಡುವುದೂ ಉಂಟು.

ನಮ್ಮ ಪತ್ರಿಕೆಗಳೂ ಒಂದು ಕರ್ತವ್ಯವನ್ನು ಒಪ್ಪಿಕೊಳ್ಳಬೇಕು. ಶಾಸ್ತ್ರೀಯ ಸಂಗೀತದ ಕಛೇರಿಯನ್ನು ವಿಮರ್ಶಿಸುವಾಗ ರಾಗದ ವಿಸ್ತಾರವನ್ನೂ ತಾಳದ ಶುದ್ಧಿಯನ್ನೂ ಗಮನಿಸುವ ನಾವು, ಈ ಬಗೆಯ ಸಂಗೀತದ ಮಾತು ಬಂದೊಡನೆ ಉದ್ದಗೂದಲು, ಕಪ್ಪು ಅಂಗಿ, ಜನಜಂಗುಳಿ ಇವುಗಳ ವರ್ಣನೆಯಲ್ಲಿಯೇ ಲೇಖನವನ್ನು ಮುಗಿಸುತ್ತೇವೆ. ಮೀಟುವ ಕೈಯನ್ನೂ ಉಸಿರಿನ ಹಂಚಿಕೆಯನ್ನೂ ನೋಡಿ ಬರೆಯುವ ವಿಮರ್ಶಕರು ನಮ್ಮಲ್ಲಿ ಬರಬೇಕು. ಒಪ್ಪದಿದ್ದರೆ ಒಪ್ಪಲಿಲ್ಲವೆಂದು ಕಾರಣಸಹಿತವಾಗಿ ಹೇಳಬೇಕು. ಗಾಲಿಕುರ್ಚಿಯಲ್ಲಿ ಕುಳಿತು ಮೂರು ದಶಕಗಳ ಮೌನವನ್ನು ಮುರಿದ ಕಲಾವಿದನು ನಮ್ಮಿಂದ ಕೇಳುತ್ತಿರುವುದು ಹೂವಿನ ಹಾರವನ್ನಲ್ಲ, ಪರೀಕ್ಷಕನ ಕಿವಿಯನ್ನು. ಅದನ್ನು ಕೊಡುವ ಶಕ್ತಿ ನಮಗಿದ್ದರೆ ಹಿರಿಯರ ಹೊಸ ಕೃತಿಗಳು ಮುಂದೆಯೂ ಹುಟ್ಟಿಯಾವು. ಇಲ್ಲವಾದರೆ ಅವರನ್ನು ಅವರ ಹದಿನಾರನೆಯ ವಯಸ್ಸಿನಲ್ಲಿಯೇ ಬಂಧಿಸಿಟ್ಟ ಹೊಣೆಯು ಕೇಳುಗರಾದ ನಮ್ಮದಾಗುತ್ತದೆ.